ಟೈಂಟೇಬಲ್ ರಾಯರ ಫೆರಿ ಪ್ರಯಾಣ

ಓದುವುದು ಬೇರೆ, ತಿದ್ದುವುದು ಬೇರೆ. ಓದುವವನಿಗೆ ಅರ್ಥ ಬೇಕು. ತಿದ್ದುವವನಿಗೆ ಅರ್ಥ ಅಡ್ಡ ಬರುತ್ತದೆ. ಅಚ್ಚುಕೂಟಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಟೈಂಟೇಬಲ್ ರಾಯರು ಮೊದಲ ದಿನವೇ ಈ ತತ್ತ್ವವನ್ನು ಉಪದೇಶಿಸುತ್ತಿದ್ದರು. "ಅರ್ಥದ ಹಿಂದೆ ಹೋದ್ರೋ, ಕಣ್ಣು ಜಾರ್ತು ಅಂತಲೇ ತಿಳ್ಕೊಳ್ಳಿ" ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕೇಳಿದವರು ತಲೆದೂಗುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತ ಮನುಷ್ಯ ಏನು ಹೇಳಿದರೂ ತಲೆದೂಗಬೇಕೆನಿಸುತ್ತದೆ.

ಅಚ್ಚುಕೂಟದ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತು ಕರಡು ತಿದ್ದುವುದು ರಾಯರ ಕೆಲಸ. ಮದುವೆಯ ಕರೆಯೋಲೆ, ಔಷಧಿ ಪೊಟ್ಟಣದೊಳಗಿನ ಚೀಟಿ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವೂ ಅವರ ಕೆಂಪು ಪೆನ್ನಿನ ಕೆಳಗೆ ನುಸುಳಿಯೇ ಹೊರಗೆ ಹೋಗಬೇಕು. ಇವುಗಳಲ್ಲಿ ಅವರಿಗೆ ಪ್ರಾಣಕ್ಕಿಂತ ಹೆಚ್ಚಾದದ್ದು ನಗರದ ಫೆರಿ ವೇಳಾಪಟ್ಟಿ. ವರ್ಷಕ್ಕೆರಡು ಸಲದಂತೆ ಹದಿನೆಂಟು ಸಲ ಅದನ್ನು ತಿದ್ದಿದ್ದರು. ಯಾವ ಜೆಟ್ಟಿಗೆ ಎಷ್ಟು ಹೊತ್ತಿಗೆ ಫೆರಿ ಬರುತ್ತದೆ ಎಂಬುದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಾಯಲ್ಲಿತ್ತು. ಅದರಿಂದಲೇ ಬಡಾವಣೆಯವರು ಆ ಹೆಸರಿಟ್ಟದ್ದು.

"ರಾಯರೇ, ಹಳೇ ಆಸ್ಪತ್ರೆಗೆ ಬೆಳಿಗ್ಗೆ ಯಾವುದಿದೆ?" ಎಂದು ಮೇಲಿನ ಮನೆಯ ನರ್ಸಮ್ಮ ಮೆಟ್ಟಿಲಿನಿಂದ ಕೂಗಿದರೆ, ಇವರು ಮುಖಕ್ಕೆ ಸೋಪು ಹಚ್ಚಿಕೊಂಡೇ ಉತ್ತರ ಕೊಡುತ್ತಿದ್ದರು. "ಆರು ಐವತ್ತು. ಎಡಗಡೆ ಕೂತ್ಕೊಳ್ಳಿ, ಬಿಸಿಲು ಬೀಳಲ್ಲ." ಎಡಗಡೆಯ ಮಾತು ಮಾತ್ರ ಅವರ ಸ್ವಂತ ರಚನೆ. ಏಕೆಂದರೆ ರಾಯರು ಜನ್ಮದಲ್ಲಿ ಒಂದು ಸಲವೂ ಫೆರಿ ಹತ್ತಿರಲಿಲ್ಲ. ಮನೆ, ಅಚ್ಚುಕೂಟ, ತರಕಾರಿ ಅಂಗಡಿ ಮೂರೂ ಒಂದೇ ಬೀದಿಯಲ್ಲಿದ್ದವನಿಗೆ ನೀರಿನ ಮೇಲೆ ಏನು ಕೆಲಸ?

ಹೀಗಿರುವಾಗ ಒಂದು ಸಂಜೆ ಫೋನು ಬಂತು. ಎತ್ತಿಕೊಂಡ ಹೆಂಡತಿ "ಅಕ್ಕಾ" ಎಂದವಳೇ ಫೋನನ್ನು ರಾಯರ ಕೈಗಿತ್ತು ಅಡುಗೆಮನೆಗೆ ಹೋಗಿಬಿಟ್ಟಳು.

ಅದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ಮದುವೆಮನೆಯಲ್ಲಿ, ರಾಯರ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ರಸ್ತೆ ಇಲಾಖೆಯ ಇಂಜಿನಿಯರು, ನಾಲ್ಕು ಜನರೆದುರು ನಕ್ಕು ಹೇಳಿದ್ದರು: "ನಮ್ಮ ರಾಯರು ದಿನವಿಡೀ ಓದ್ತಾರೆ. ಏನು ಓದಿದ್ರಿ ಅಂತ ಮಾತ್ರ ಕೇಳಬೇಡಿ." ರಾಯರೂ ನಕ್ಕಿದ್ದರು. ಹೆಂಡತಿ ನಗಲಿಲ್ಲ. "ನಿಮ್ಮ ರಸ್ತೆಗಳು ಒಂದು ಮಳೆ ಬಂದ್ರೆ ಎಲ್ಲಿಗೆ ಹೋಗ್ತವೆ ಅಂತ ನಾವು ಯಾವತ್ತಾದ್ರೂ ಕೇಳಿದ್ವಾ ಭಾವ?" ಎಂದುಬಿಟ್ಟಳು. ಈ ಸಲ ನಾಲ್ಕಲ್ಲ, ನಲವತ್ತು ಜನ ನಕ್ಕರು. ಅಕ್ಕ ಎದ್ದು ನಿಂತು, ತನ್ನ ಗಂಡನನ್ನು ಆಡಿಕೊಂಡವಳ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ಹೊರಟುಹೋದಳು. ಹೇಳಿದ್ದನ್ನು ನಡೆಸಿಯೂ ತೋರಿಸಿದಳು.

ಈಗ ಫೋನಿನಲ್ಲಿ ಅದೇ ಅಕ್ಕ. ಇಂಜಿನಿಯರು ನಿವೃತ್ತರಾದ ಸಂತೋಷಕ್ಕೆ ಗಂಡ ಹೆಂಡತಿ ಪ್ರವಾಸದ ಹಡಗು ಹತ್ತಿದ್ದಾರಂತೆ. ಬರುವ ಗುರುವಾರ ಹಡಗು ಇದೇ ಊರಿನ ಕ್ರೂಸ್ ಟರ್ಮಿನಲ್ಲಿನಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ನಿಲ್ಲುತ್ತದಂತೆ. "ಊಟಕ್ಕೆ ಬರೋಣ ಅಂತ" ಎಂದಳು ಅಕ್ಕ. ಆಮೇಲೆ ಇಂಜಿನಿಯರ ದನಿ ಬಂತು. "ಟ್ಯಾಕ್ಸಿ ಮಾಡ್ಕೊಂಡು ಬರ್ತೀವಿ ರಾಯರೇ. ಅಡ್ರೆಸ್ ಹೇಳಿ."

ಅಡ್ರೆಸ್ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷದ ಮೇಲೆ ರಾಯರಿಗೆ ತಿಳಿವಳಿಕೆ ತೋರಿಸುವ ಅವಕಾಶ ಸಿಕ್ಕಿತ್ತು.

"ಟ್ಯಾಕ್ಸಿನಾ ಭಾವ? ಫೆರಿ ಇರುವಾಗ ರಸ್ತೆಗೆ ಇಳಿಯೋದು ತಿಳಿದವರು ಮಾಡೋ ಕೆಲಸ ಅಲ್ಲ. ಮೂವತ್ತೈದೇ ನಿಮಿಷ. ನೀವು ಟರ್ಮಿನಲ್ ಮುಂದೆ ನಿಂತಿರಿ, ನಾನೇ ಬಂದು ಕರ್ಕೊಂಡು ಬರ್ತೀನಿ. ನಾನು ದಿನಾ ಓಡಾಡೋನು."

ಕೊನೆಯ ವಾಕ್ಯ ಹೇಗೆ ಬಾಯಿಂದ ಬಿತ್ತೆಂದು ಅವರಿಗೇ ತಿಳಿಯಲಿಲ್ಲ. ಆಡಿದ ಮಾತು, ಒಡೆದ ಮುತ್ತು.

ಅಂದು ಊಟಕ್ಕೆ ಕೂತಾಗ ಹೆಂಡತಿ ನೇರವಾಗಿ ಹೇಳಿದಳು. "ನೋಡಿ, ನನಗೆ ಬೇರೇನೂ ಬೇಡ. ಅಕ್ಕ ಒಂದು ಸಲ ಈ ಬಾಗಿಲೊಳಗೆ ಕಾಲಿಟ್ರೆ ಸಾಕು. ಇಷ್ಟು ಹತ್ತಿರ ಬಂದು ಹಾಗೇ ವಾಪಸ್ ಹೋದ್ಳು ಅಂದ್ರೆ ಇನ್ನು ಈ ಜನ್ಮದಲ್ಲಿ ಬರಲ್ಲ. ಅವಳ ಹಟ ನಂಗೊತ್ತು. ನಂದೂ ಅದೇ ಅಲ್ವಾ."

ಗುರುವಾರ ಬೆಳಿಗ್ಗೆ ಕಟ್ಟಡಕ್ಕೆ ಕಟ್ಟಡವೇ ರಾಯರನ್ನು ಬೀಳ್ಕೊಟ್ಟಿತು. ಕೆಳಗಿನ ಮನೆಯ ನಿವೃತ್ತ ಹೆಡ್‌ಮಾಸ್ತರು ಕೈಕುಲುಕಿದರು. ನರ್ಸಮ್ಮ ರಜೆ ಹಾಕಿ ಅಡುಗೆಯ ಸಹಾಯಕ್ಕೆ ನಿಂತಿದ್ದಳು. ರಾಯರು ಹೆಡ್‌ಮಾಸ್ತರಿಗೆ ವೇಳಾಪಟ್ಟಿಯ ಒಂದು ಪ್ರತಿ ಕೊಟ್ಟು, "ನಾವು ಯಾವ ಕ್ಷಣದಲ್ಲಿ ಎಲ್ಲಿರ್ತೀವಿ ಅಂತ ಇದರಲ್ಲೇ ನೋಡ್ತಾ ಇರಿ ಮೇಷ್ಟ್ರೇ" ಎಂದು ಹೇಳಿ ಹೊರಟರು.

ಮಾರ್ಕೆಟ್ ಜೆಟ್ಟಿಯಲ್ಲಿ ಫೆರಿ ನಿಂತಿತ್ತು. ಅದು ಅಲುಗಾಡುತ್ತದೆ ಎಂಬುದು ವೇಳಾಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ರಾಯರು ಕಂಬವೊಂದನ್ನು ತಬ್ಬಿಕೊಂಡು, ಬೇರೆ ಯಾರೂ ಮುಟ್ಟದ ಲೈಫ್ ಜಾಕೆಟನ್ನು ಗೂಟದಿಂದ ಇಳಿಸಿ, ತಲೆಕೆಳಗಾಗಿ ತೊಟ್ಟು, ಮೂರು ಗಂಟು ಹಾಕಿಕೊಂಡು ಕೂತರು. ಟಿಕೆಟ್ ಕೊಡುವ ಹೆಂಗಸು ಬಂದಳು. ನೀರಿನ ಮೇಲೆ ಹದಿನೈದು ವರ್ಷ ಜನರನ್ನು ಕಂಡ ಗಟ್ಟಿ ಜೀವ.

"ಕ್ರೂಸ್ ಟರ್ಮಿನಲ್ ಒಂದು."

"ಐಸ್ ಕಾರ್ಖಾನೆಗೆ ಕೊಡ್ತೀನಿ ಸಾರ್."

"ಟರ್ಮಿನಲ್ ಅಂದೆ ಕಣಮ್ಮ. ಮಾರ್ಕೆಟ್ ಎಂಟು ಹತ್ತು, ಟರ್ಮಿನಲ್ ಎಂಟು ನಲವತ್ತೈದು, ಐಸ್ ಕಾರ್ಖಾನೆ ಎಂಟು ಐವತ್ತೈದು. ಕೆಲಸ ಮಾಡೋರಿಗೆ ಇಷ್ಟು ಗೊತ್ತಿರಬೇಡವೇ?"

"ಹಡಗು ಬಂದಿದೆ ಸಾರ್."

"ಹಡಗು ಬಂದಿದೆ ಅಂತಲೇ ಅಲ್ವೇನಮ್ಮ ಹೋಗ್ತಿರೋದು!"

ಆಕೆ ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ "ಬೇಗ ಕೊಡ್ರೀ" ಎಂದು ಕೂಗು ಬಂತು. "ಆಯ್ತಪ್ಪ, ನಿಮ್ಮಿಷ್ಟ" ಎಂದು ಚೀಟಿ ಹರಿದುಕೊಟ್ಟು ಮುಂದೆ ಹೋದಳು. ಅಧಿಕಾರಿವರ್ಗವನ್ನು ತಿದ್ದಿದ ತೃಪ್ತಿಯಿಂದ ರಾಯರು ಕಂಬವನ್ನು ಒಂದೇ ಕೈಯಲ್ಲಿ ಹಿಡಿದು ಕೂತರು.

ಎಂಟು ನಲವತ್ತೈದಕ್ಕೆ ಸರಿಯಾಗಿ ಹಡಗು ಕಂಡಿತು. ಒಂದು ಬೀದಿಯನ್ನೇ ಎಬ್ಬಿಸಿ ನೀರಿನ ಮೇಲೆ ನಿಲ್ಲಿಸಿದ ಹಾಗಿತ್ತು. ಅದರ ಬುಡದಲ್ಲಿ, ಕಟ್ಟೆಯ ತುದಿಯ ಬೇಲಿಯ ಹತ್ತಿರ, ಬಿಳಿ ಟೋಪಿಯ ಇಂಜಿನಿಯರೂ ದೊಡ್ಡ ಚೀಲ ಹಿಡಿದ ಅಕ್ಕ, ಅಂದರೆ ರಾಯರ ಅತ್ತಿಗೆಯೂ ನಿಂತಿದ್ದರು. ಅತ್ತಿಗೆ ಕೈ ಬೀಸಿದರು. ರಾಯರೂ ಎದ್ದು ಬೀಸಿದರು. ಇಂಜಿನಿಯರು ಫೋಟೋ ತೆಗೆದರು. ಫೆರಿ ಮುಂದೆ ಹೋಯಿತು.

ರಾಯರು ಇನ್ನೂ ಸ್ವಲ್ಪ ಹೊತ್ತು ಕೈ ಬೀಸುತ್ತಲೇ ಇದ್ದರು. ಆಮೇಲೆ ಬೀಸುತ್ತಿದ್ದ ಕೈ ತಾನಾಗಿ ಇಳಿಯಿತು.

"ನಿಲ್ಲಿಸ್ರೀ! ಟರ್ಮಿನಲ್ ಹೋಯ್ತು!"

"ಹಡಗು ಬಂದ ದಿನ ಅಲ್ಲಿ ನಿಲ್ಲಿಸಲ್ಲ ಸಾರ್" ಎಂದಳು ಟಿಕೆಟ್ಟಿನವಳು. "ಹಡಗೇ ಕಟ್ಟೆ ತುಂಬ ನಿಂತ್ಕೊಂಡ್ರೆ ಫೆರಿ ಎಲ್ಲಿ ನಿಲ್ಲಬೇಕು?"

"ಹಡಗು ಬರದ ದಿನ?"

"ನಿಲ್ಲುತ್ತೆ."

"ಹಡಗು ಬರದ ದಿನ ಅಲ್ಲಿಗೆ ಯಾರು ಹೋಗ್ತಾರೆ?"

"ಯಾರೂ ಹೋಗಲ್ಲ."

"ಮತ್ಯಾಕೆ ನಿಲ್ಲಿಸ್ತೀರಿ?"

"ಟೈಂಟೇಬಲ್ಲಲ್ಲಿ ಇದೆಯಲ್ಲ ಸಾರ್. ಟರ್ಮಿನಲ್ ಅನ್ನೋದರ ಪಕ್ಕ ಒಂದು ನಕ್ಷತ್ರ ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದಾರೆ. ಯಾರೂ ಓದಲ್ಲ."

ರಾಯರಿಗೆ ಆ ನಕ್ಷತ್ರ ನೆನಪಾಯಿತು. ಚೆನ್ನಾಗಿಯೇ ನೆನಪಾಯಿತು. ಐದು ಮೊನೆಗಳಲ್ಲಿ ಒಂದು ಸವೆದಿದೆ ಎಂದು ಎರಡು ಸಲ ಕರಡನ್ನು ವಾಪಸ್ ಕಳಿಸಿ, ಹೊಸ ನಕ್ಷತ್ರ ಹಾಕಿಸಿದ್ದವರು ಅವರೇ. ಕೆಳಗಿನ ಸಾಲನ್ನು ಹದಿನೆಂಟು ಸಲ ಅಕ್ಷರ ಅಕ್ಷರವಾಗಿ ತಿದ್ದಿದ್ದರು. ಅದು ಏನು ಹೇಳುತ್ತದೆ ಎಂದು ನೋಡಲು ಅವರ ತತ್ತ್ವ ಬಿಟ್ಟಿರಲಿಲ್ಲ. ಇಂಗು ತಿಂದ ಮಂಗನ ಹಾಗೆ ಕೂತರು.

ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. "ರಾಯರೇ, ಈಗ ಫೆರಿಯಲ್ಲಿ ಹೋದೋರು ನೀವೇ ಅಲ್ವಾ?"

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. "ನಾನೇ ಭಾವ. ಮೊದಲು ಒಂದು ಸಲ ಹಾದು ಹೋಗಿ, ಬಂದೋರು ಬಂದಿದ್ದಾರಾ ಅಂತ ನೋಡ್ಕೊಳ್ಳೋದು ಇಲ್ಲಿನ ಕ್ರಮ. ಈಗ ನೀವು ಗೋಡೆ ಹಿಡ್ಕೊಂಡು ಐಸ್ ಕಾರ್ಖಾನೆ ಜೆಟ್ಟಿಗೆ ಬಂದ್ಬಿಡಿ. ನಾಲ್ಕು ಹೆಜ್ಜೆ. ನಾನು ಅಲ್ಲಿ ಬೋಟು ಹಿಡ್ಕೊಂಡಿರ್ತೀನಿ."

ನಾಲ್ಕು ಹೆಜ್ಜೆಗೆ ನಲವತ್ತು ನಿಮಿಷ ಹಿಡಿಯಿತು. ಇಂಜಿನಿಯರು ಬೆವರು ಒರೆಸಿಕೊಳ್ಳುತ್ತ, "ಮೂವತ್ತೊಂದು ಗುಂಡಿ. ಎಣಿಸ್ದೆ" ಎಂದು ವರದಿ ಕೊಟ್ಟರು. ಅತ್ತಿಗೆ ಬೆಂಚಿನ ಮೇಲೆ ಕೂತು ಚಪ್ಪಲಿ ಕಳಚಿದರು. ಹಿಡಿದಿಟ್ಟ ಬೋಟು ಎಲ್ಲೂ ಇರಲಿಲ್ಲ. ಕಂಬಕ್ಕೆ ಅಂಟಿಸಿದ್ದ ಹಳದಿ ಹಾಳೆಯೊಂದು ಮಾತ್ರ ಇತ್ತು: ಹಡಗು ಬಂದ ದಿನದ ವೇಳಾಪಟ್ಟಿ. ಮುಂದಿನ ಫೆರಿ ಹನ್ನೊಂದು ಇಪ್ಪತ್ತಕ್ಕೆ.

"ಇಂಥದ್ದೊಂದು ಇದೆ ಅಂತ ನಿಮಗೆ ಗೊತ್ತಿರಲಿಲ್ವಾ?" ಎಂದರು ಇಂಜಿನಿಯರು.

"ಇದು ಬೇರೆ ಅಚ್ಚುಕೂಟದ್ದು" ಎಂದರು ರಾಯರು, ಮಲತಾಯಿಯ ಹೆಸರೆತ್ತಿದಂತೆ.

"ದಿನಾ ಓಡಾಡ್ತೀನಿ ಅಂದ್ರಲ್ಲ?"

"ದಿನಾ ಅಂದ್ರೆ... ಸಾಧಾರಣವಾಗಿ, ಭಾವ."

ಇಂಜಿನಿಯರು ಟೋಪಿ ಸರಿಮಾಡಿಕೊಂಡು, "ನಾನು ಟ್ಯಾಕ್ಸಿ ತರ್ತೀನಿ" ಎಂದು ದೊಡ್ಡ ರಸ್ತೆಗೆ ನಡೆದರು. ಮೂವತ್ತು ವರ್ಷ ರಸ್ತೆಯನ್ನು ಆಳಿದವರ ನಡಿಗೆ ಅದು. ಕಾಲು ಗಂಟೆಯಲ್ಲಿ ತಲೆ ತಗ್ಗಿಸಿ ವಾಪಸ್ಸಾದರು. ಹಡಗಿನಿಂದ ಇಳಿದ ಎರಡು ಸಾವಿರ ಜನರನ್ನು ಊರು ತೋರಿಸಲು ತುಂಬಿಕೊಂಡ ಬಸ್ಸುಗಳೆಲ್ಲ ಸೇತುವೆಯ ಮೇಲೆ ಒಂದರ ಹಿಂದೊಂದು ನಿಂತುಬಿಟ್ಟಿದ್ದವು. ನಾಯಿಯೊಂದು ಮಾತ್ರ ಆರಾಮವಾಗಿ ದಾಟುತ್ತಿತ್ತಂತೆ.

ಆಗ ಮನೆಯಿಂದ ಫೋನು ಬಂತು. "ರೀ, ಎಲ್ಲಿದ್ದೀರಿ? ಕೆಳಗಿನ ಮೇಷ್ಟ್ರು ಓಡಿ ಬಂದಿದ್ದಾರೆ. ಅದೇನೋ ನಕ್ಷತ್ರ ಅಂತಿದ್ದಾರೆ." ಹಿಂದಿನಿಂದ ಹೆಡ್‌ಮಾಸ್ತರ ದನಿ ಕೇಳಿಸಿತು: "ಸ್ಪಷ್ಟವಾಗಿ ಬರೆದಿದ್ದಾರಮ್ಮ! ಒಂದೂ ತಪ್ಪಿಲ್ಲ!"

ರಾಯರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಫೆರಿ ಮಾರ್ಕೆಟ್ಟಿಗೆ ಬರುವುದು ಹನ್ನೆರಡೂವರೆಗೆ. ಅದೇ ಫೆರಿ ಸುತ್ತು ಹಾಕಿ ಒಂದೂಕಾಲಕ್ಕೆ ಮತ್ತೆ ಐಸ್ ಕಾರ್ಖಾನೆಗೆ ಬರುತ್ತದೆ. ಅಲ್ಲಿ ಇಳಿದು ನಡೆದರಷ್ಟೇ ಮೂರರ ಹಡಗು ಸಿಗುತ್ತದೆ. ಮನೆಗೆಂದು ಮಾರ್ಕೆಟ್ಟಿನಲ್ಲಿ ಇಳಿದರೆ ಹಡಗು ಹೋದಂತೆಯೇ. ಅಂದರೆ ಅಕ್ಕ ಮನೆಯ ಹತ್ತಿರಕ್ಕೆ ಬಂದು, ಇಳಿಯದೆ, ಹಾಗೇ ಹೋಗಬೇಕು.

ಆ ಕಡೆಯಿಂದ "ಸರಿ" ಎಂದು ಫೋನು ಇಟ್ಟ ಸದ್ದು. ಹೆಂಡತಿ ಬೈದಿದ್ದರೆ ರಾಯರು ಹೆದರುತ್ತಿರಲಿಲ್ಲ. ಬೈಗುಳಕ್ಕೆ ಒಂದು ಕೊನೆ ಇರುತ್ತದೆ. ಈ "ಸರಿ"ಗೆ ಇರುವುದಿಲ್ಲ. ತನ್ನ ಒಂದು ಜಂಬದ ಮಾತಿನಿಂದ ಅವಳ ಹನ್ನೊಂದು ವರ್ಷದ ಆಸೆ ನೀರುಪಾಲಾಯಿತೆಂದು ಅವರಿಗೆ ನಿಜವಾಗಿಯೂ ದುಃಖವಾಯಿತು. ಲೈಫ್ ಜಾಕೆಟ್ಟಿನ ಗಂಟು ಬಿಚ್ಚಲು ನೋಡಿದರು. ಅದೂ ಬರಲಿಲ್ಲ.

ಹನ್ನೆರಡೂವರೆಗೆ ಫೆರಿ ಮಾರ್ಕೆಟ್ ಜೆಟ್ಟಿಗೆ ಬಂದಾಗ ಕಂಡ ದೃಶ್ಯವೇ ಬೇರೆ. ಹೆಂಡತಿ ಎರಡು ಕೈಯಲ್ಲಿ ಎರಡು ದೊಡ್ಡ ಡಬ್ಬಿ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಹಿಂದೆ ಪಾತ್ರೆ ಹೊತ್ತ ನರ್ಸಮ್ಮ. ಅವಳ ಹಿಂದೆ, ತಟ್ಟೆಗಳನ್ನು ಎದೆಗವಚಿಕೊಂಡ ಹೆಡ್‌ಮಾಸ್ತರು.

"ಊಟಕ್ಕೆ ಅಂತ ಬಂದವಳನ್ನ ಹಸಿದು ಕಳಿಸೋಕಾಗುತ್ತಾ?" ಎನ್ನುತ್ತ ಹೆಂಡತಿ ಹತ್ತಿಯೇ ಬಿಟ್ಟಳು. ಪಾತ್ರೆ, ತಟ್ಟೆ ಒಳಗಿಡಲೆಂದು ಹತ್ತಿದ ಇನ್ನಿಬ್ಬರೂ ಇಳಿಯುವಷ್ಟರಲ್ಲಿ ಫೆರಿ ಹೊರಟಿತು. "ನಾನು ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ!" ಎಂದು ಹೆಡ್‌ಮಾಸ್ತರು ದಡಕ್ಕೆ ಕೂಗಿ ಹೇಳಿದರು. ದಡದಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ.

ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

"ಸಣ್ಣಗಾಗಿದ್ದೀಯಲ್ಲೇ" ಎಂದಳು ಅಕ್ಕ.

"ನಿನ್ನ ಕನ್ನಡಕ ಬದಲಾಯಿಸು. ಎಂಟು ಕೆಜಿ ಜಾಸ್ತಿಯಾಗಿದ್ದೀನಿ."

ಇಬ್ಬರಿಗೂ ನಗು ಬಂತು. ನಗು ಯಾವ ಕ್ಷಣದಲ್ಲಿ ಅಳುವಾಯಿತೋ, ನರ್ಸಮ್ಮನಿಗೂ ಹೇಳಲಾಗಲಿಲ್ಲ. ಏಕೆಂದರೆ ಆಕೆಯೂ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಡಬ್ಬಿಯ ಮುಚ್ಚಳ ತೆಗೆದಾಗ ಬಂದ ಪರಿಮಳಕ್ಕೆ ಇಡೀ ಫೆರಿ ತಿರುಗಿ ನೋಡಿತು. ಟಿಕೆಟ್ಟಿನವಳು ಧಾವಿಸಿ ಬಂದು ಗೋಡೆಯ ಫಲಕ ತೋರಿಸಿದಳು. "ಇಲ್ಲಿ ತಿನ್ನೋ ಹಾಗಿಲ್ಲ. ಓದಿ ಬೇಕಾದ್ರೆ."

"ಅದನ್ನೂ ಇವರೇ ತಿದ್ದಿದ್ದು. ಓದಿರಲ್ಲ ಬಿಡು" ಎಂದಳು ಹೆಂಡತಿ. "ನೀನು ಊಟ ಮಾಡಿದ್ಯೇನಮ್ಮ?"

"ಇಲ್ಲಕ್ಕ. ಇವತ್ತು ಎಲ್ಲಿ ಬಿಡುವು?"

"ಕೂತ್ಕೋ."

ಆಕೆ ಅತ್ತ ನೋಡಿದಳು, ಇತ್ತ ನೋಡಿದಳು, ಫಲಕಕ್ಕೆ ಬೆನ್ನು ಮಾಡಿ ಕೂತಳು.

ಇಂಜಿನಿಯರು ಮೂರನೆಯ ಸಲ ಬಡಿಸಿಕೊಂಡು, ದನಿ ತಗ್ಗಿಸಿ ಹೇಳಿದರು. "ರಾಯರೇ, ಹಡಗಲ್ಲಿ ದಿನಕ್ಕೆ ಐದು ಹೊತ್ತು ಬಡಿಸ್ತಾರೆ. ನಾಲ್ಕು ದಿನದಿಂದ ನನ್ನ ಹೊಟ್ಟೆಯಲ್ಲಿ ಒಂದೂ ನಿಂತಿಲ್ಲ. ಆ ಅಲುಗಾಟ ನನಗಾಗಲ್ಲ."

ಅಷ್ಟು ಕೇಳಿದ ಮೇಲೆ ರಾಯರಿಗೂ ತಡೆಯಲಾಗಲಿಲ್ಲ. "ಭಾವ, ನಾನು ಫೆರಿ ಹತ್ತಿದ್ದು ಇವತ್ತೇ ಮೊದಲು."

"ಗೊತ್ತಾಯ್ತು. ದಿನಾ ಓಡಾಡೋರು ಯಾರೂ ಆ ಜಾಕೆಟ್ಟನ್ನ ತಲೆಕೆಳಗಾಗಿ ಕಟ್ಕೊಳ್ಳಲ್ಲ." ಇಂಜಿನಿಯರು ತಟ್ಟೆ ಕೆಳಗಿಟ್ಟು ರಾಯರ ಗಂಟು ಬಿಚ್ಚಲು ಕೂತರು. "ಆ ಮದುವೆಮನೆಯಲ್ಲಿ ನಾನು ಹಾಗೆ ಅನ್ನಬಾರದಿತ್ತು. ನಿಮ್ಮ ಮನೆಯವರು ಹೇಳಿದ್ದು ಸುಳ್ಳೇನೂ ಅಲ್ಲ. ಮೂರು ರಸ್ತೆ ಕೊಚ್ಚಿಕೊಂಡು ಹೋಗಿದ್ವು ಆ ವರ್ಷ."

"ನೀವು ಹೇಳಿದ್ದೂ ಸುಳ್ಳಲ್ಲ ಭಾವ" ಎಂದರು ರಾಯರು. ಮೂರನೆಯ ಗಂಟು ಬಿಚ್ಚಿಕೊಂಡಿತು. ಉಸಿರಾಡುವುದು ಇಷ್ಟು ಸುಲಭವೆಂಬುದು ಬೆಳಿಗ್ಗೆಯಿಂದ ಮರೆತೇಹೋಗಿತ್ತು.

ಗಡಿಯಾರ ನೋಡಿದ್ದು ಆಗ. ಒಂದು ಮೂವತ್ತೈದು.

"ಐಸ್ ಕಾರ್ಖಾನೆ!" ರಾಯರು ಚೀರಿದ ರಭಸಕ್ಕೆ ಹೆಡ್‌ಮಾಸ್ತರ ಕೈಯ ತಟ್ಟೆ ನೀರಿಗೆ ಬಿತ್ತು. ಹಿಂದೆ, ದೂರದಲ್ಲಿ, ಐಸ್ ಕಾರ್ಖಾನೆ ಬೆಂಕಿಪೊಟ್ಟಣದಷ್ಟಾಗಿ ಕಾಣುತ್ತಿತ್ತು.

"ನಾನು ಕೂಗಿದೆನಲ್ಲ ಸಾರ್, ಎರಡು ಸಲ!" ಎಂದಳು ಟಿಕೆಟ್ಟಿನವಳು, ಬಾಯಲ್ಲಿ ತುತ್ತಿಟ್ಟುಕೊಂಡೇ.

ಗದ್ದಲವೋ ಗದ್ದಲ. ಹೆಡ್‌ಮಾಸ್ತರು ಫೆರಿಯನ್ನು ಹಿಂದಕ್ಕೆ ತಿರುಗಿಸಬೇಕೆಂದು ಚಾಲಕನ ಕೋಣೆಯ ಬಾಗಿಲು ಬಡಿದರು. ಆತ ಕಿಟಕಿಯಿಂದ "ಇದೇನು ಆಟೋನಾ?" ಎಂದು ಕೇಳಿ ಕಿಟಕಿ ಮುಚ್ಚಿಕೊಂಡ. ನರ್ಸಮ್ಮ ಇಂಜಿನಿಯರ ನಾಡಿ ಹಿಡಿದಳು. ರಾಯರು ಕೈಮುಗಿದು ನಿಂತರು. "ತಪ್ಪು ನಂದು ಅತ್ತಿಗೆ. ಬೆಳಿಗ್ಗೆಯಿಂದ ಎಲ್ಲಾ ನಂದೇ ತಪ್ಪು. ನಿಮ್ಮ ಹಡಗು ತಪ್ಪಿಸಿಬಿಟ್ಟೆ."

ಅತ್ತಿಗೆ ಕೈ ತೊಳೆದುಕೊಂಡು, ತಂಗಿಯ ಸೆರಗಿಗೇ ಒರೆಸಿಕೊಂಡರು.

"ಸುಮ್ಮನಿರಿ ರಾಯರೇ. ಆಯಮ್ಮ ಐಸ್ ಕಾರ್ಖಾನೆ ಅಂತ ಕೂಗಿದ್ದು ನನಗೆ ಎರಡು ಸಲವೂ ಕೇಳಿಸ್ತು. ನಾನೇ ಎದ್ದೇಳಲಿಲ್ಲ."



"ಹಡಗು?" ಎಂದರು ಇಂಜಿನಿಯರು ಕ್ಷೀಣವಾಗಿ.

"ಹಡಗು ನಾಳೆ ಸಂಜೆ ಮುಂದಿನ ಬಂದರಲ್ಲಿ ನಿಂತಿರುತ್ತೆ. ರೈಲಲ್ಲಿ ಹೋಗಿ ಹತ್ತೋಣ. ಅದೇನು ನಮ್ಮ ಹಾಗೆ ಹನ್ನೊಂದು ವರ್ಷ ಮುನಿಸ್ಕೊಂಡು ಕೂರಲ್ಲ." ಆಮೇಲೆ ತಂಗಿಯ ಕಡೆ ತಿರುಗಿದರು. "ಅಡುಗೆ ತಿಂದದ್ದಾಯ್ತು. ನಿನ್ನ ಮನೆ ನೋಡಿಲ್ಲ ನಾನು."

ರಾಯರ ಹೆಂಡತಿ ಖಾಲಿ ಡಬ್ಬಿಗಳನ್ನು ಒಂದರೊಳಗೊಂದು ಇಡಲು ಹೋಗಿ, ದೊಡ್ಡದನ್ನು ಸಣ್ಣದರೊಳಗೆ ತುರುಕುತ್ತಿದ್ದಳು. ಇಂಜಿನಿಯರು ಹಡಗಿನ ಕಚೇರಿಗೆ ಫೋನು ಮಾಡಿ, ತಾವಿಬ್ಬರೂ ಇವತ್ತು ಬರುವುದಿಲ್ಲವೆಂದು ತಿಳಿಸಿದರು. ಆ ಕಡೆಯವರು ಕಾರಣ ಕೇಳಿದ್ದಕ್ಕೆ, "ಹೊಟ್ಟೆ ತುಂಬಿದೆ" ಎಂದರು. ನಾಲ್ಕು ದಿನದಲ್ಲಿ ಅವರು ಇಷ್ಟು ಸಂತೋಷದಿಂದ ಮಾತಾಡಿದ್ದು ಅದೇ ಮೊದಲು.

ಎರಡೂವರೆಗೆ ಎಲ್ಲರೂ ಮಾರ್ಕೆಟ್ ಜೆಟ್ಟಿಯಲ್ಲಿ ಇಳಿದರು. ಹೆಡ್‌ಮಾಸ್ತರು ಹಾಲಿನ ಚಿಂತೆಯಲ್ಲಿ ಓಡಿದರು. ಉಳಿದವರು ನಿಧಾನವಾಗಿ ಬೀದಿ ಹತ್ತಿ, ಮೆಟ್ಟಿಲು ಹತ್ತಿ, ಬಾಗಿಲಿಗೆ ಬಂದರು. ಹೆಂಡತಿ ಬೀಗ ತೆಗೆದು ಒಳಗೆ ಹೋಗಿ ತಿರುಗಿ ನಿಂತಳು. ಅಕ್ಕ ಹೊಸ್ತಿಲಿನ ಹೊರಗೆ ನಿಂತುಬಿಟ್ಟಿದ್ದಳು.

"ಬರಲೇನೇ?"

"ಹನ್ನೊಂದು ವರ್ಷದಿಂದ ಬಾ ಅಂತಾನೇ ಇದ್ದೀನಿ ಕಣೇ. ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ."

ಅಕ್ಕ ಒಳಗೆ ಬಂದಳು. ಅಡುಗೆಮನೆಯಿಂದ ಇಬ್ಬರ ಮಾತೂ ಒಟ್ಟಿಗೆ ಕೇಳಿಸತೊಡಗಿತು. ಯಾರು ಹೇಳುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ ಎಂದು ತಿಳಿಯುವಂತಿರಲಿಲ್ಲ.

ಬಾಗಿಲಲ್ಲೇ ಉಳಿದ ಇಂಜಿನಿಯರು ಕೇಳಿದರು. "ರಾಯರೇ, ನಾಳೆ ರೈಲು ಎಷ್ಟು ಹೊತ್ತಿಗೆ?"

ರೈಲಿನ ವೇಳಾಪಟ್ಟಿಯೂ ರಾಯರ ಅಚ್ಚುಕೂಟದಲ್ಲೇ ಆಗುತ್ತಿತ್ತು. ಏಳು ಹದಿನೈದು ಎಂಬುದು ನಾಲಿಗೆಯ ತುದಿಯವರೆಗೆ ಬಂತು. ರಾಯರು ಅದನ್ನು ನುಂಗಿಕೊಂಡರು.

"ನಂಗೊತ್ತಿಲ್ಲ ಭಾವ. ಸ್ಟೇಷನ್ನಿಗೆ ಹೋಗಿ ಕೇಳ್ಕೊಂಡು ಬರೋಣ."

ಇಬ್ಬರೂ ಚಪ್ಪಲಿ ಮೆಟ್ಟಿಕೊಂಡರು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತಿಗೆಯ ದನಿ ಬಂತು.

"ಹೋಗ್ತಾ ಇದ್ದೀರಲ್ಲ, ನಾಡಿದ್ದಿನ ರೈಲಿನದೂ ಕೇಳ್ಕೊಂಡು ಬನ್ನಿ."